ಕಡಲಿಗೆ ಹೊರಡುವ ಮುನ್ನ ಅವ್ವನ ಮಾತ್ರೆ ಡಬ್ಬಿ ನೋಡಿ

ದಸರಾ ಹತ್ತಿರ ಬಂತೆಂದರೆ ನಮ್ಮ ದವಾಖಾನೆಗೆ ಒಂದು ಬೇರೆ ಬಗೆಯ ಜನ ಬರಲು ಶುರುವಾಗುತ್ತಾರೆ. ಅವರಿಗೆ ಜ್ವರವಿರುವುದಿಲ್ಲ, ಕೆಮ್ಮಿರುವುದಿಲ್ಲ. ಕೈಯಲ್ಲಿ ಪ್ರವಾಸದ ಪಟ್ಟಿ ಇರುತ್ತದೆ, ಮುಖದಲ್ಲಿ ಒಂದು ಸಣ್ಣ ಸಂಕೋಚವಿರುತ್ತದೆ. ಕಳೆದ ವಾರ ಬಂದ ನಿವೃತ್ತ ಮೇಷ್ಟ್ರೊಬ್ಬರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಹೊರಗೆ ಕೂತಿದ್ದ ಸೊಸೆಗೆ ಕೇಳಿಸದಂತೆ ಮೆಲ್ಲಗೆ ಕೇಳಿದರು: "ಡಾಕ್ಟ್ರೇ, ಹುಡುಗರು ಕಾರವಾರಕ್ಕೆ ಹೋಗೋಣ ಅಂತಿದಾರೆ. ನಾಲ್ಕು ದಿನ ಆ ನೀರು ಹೋಗೋ ಮಾತ್ರೆ ಬಿಟ್ರೆ ಏನಾದ್ರೂ ಆಗುತ್ತಾ?"

ಮೇಷ್ಟ್ರು ಕೇಳಿದ್ದು ಮಾತ್ರೆಯ ಪ್ರಶ್ನೆಯಲ್ಲ. ದಾರಿಯಲ್ಲಿ ಶೌಚಾಲಯ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ. ಮಗನಿಗೆ ಮೂರು ಮೂರು ಸಲ ಗಾಡಿ ನಿಲ್ಲಿಸು ಎಂದು ಹೇಳಲು ನಾಚಿಕೆ. ಅದಕ್ಕೆ ಮಾತ್ರೆಯನ್ನೇ ಬಿಟ್ಟುಬಿಡುವ ಯೋಚನೆ. ಈ ಪ್ರಶ್ನೆಯನ್ನು ಹತ್ತು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ "ಬಿಡಬೇಡಿ" ಎಂದು ಗದರಿಸಿ ಕಳುಹಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ನಡೆದ ಒಂದು ಘಟನೆ. ಹೇಳಿಕೊಳ್ಳಲು ಮುಜುಗರವಾದರೂ ಓದುಗರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ವೈದ್ಯನ ಮನೆಯ ಕಥೆ

ಕೆಲವು ವರ್ಷಗಳ ಹಿಂದಿನ ಡಿಸೆಂಬರ್ ರಜೆ. ನಾವು ದಾವಣಗೆರೆಯ ಕಡೆಯವರು. ಕಡಲೆಂದರೆ ಸಣ್ಣವರಿಂದ ದೊಡ್ಡವರವರೆಗೆ ಆಸೆ. ಹೆಂಡತಿ, ಇಬ್ಬರು ಮಕ್ಕಳು, ಎಪ್ಪತ್ತೆರಡು ವರ್ಷದ ಅವ್ವ, ಎಲ್ಲರನ್ನೂ ಬಾಡಿಗೆ ಗಾಡಿಯಲ್ಲಿ ಹತ್ತಿಸಿಕೊಂಡು ಹೊರಟೆ. ನಾಲ್ಕು ದಿನಕ್ಕೆ ಜೋಗ, ಮುರ್ಡೇಶ್ವರ, ಇಡಗುಂಜಿ, ಗೋಕರ್ಣ, ಯಾಣ, ಕಾರವಾರ, ಸಮಯ ಉಳಿದರೆ ಗೋವಾ. ಪಟ್ಟಿ ಮಾಡಿದವನು ನಾನೇ. ಬಂದ ಮೇಲೆ ಎಲ್ಲ ನೋಡಿಬಿಡೋಣ ಎಂಬ ನಮ್ಮ ಮಧ್ಯಮವರ್ಗದ ಲೆಕ್ಕಾಚಾರ ನಿಮಗೂ ಗೊತ್ತಿರುವುದೇ.

ಗೇರುಸೊಪ್ಪೆ ಘಟ್ಟ ಇಳಿಯುವಾಗ ಅವ್ವನಿಗೆ ವಾಂತಿಯಾಯಿತು. ಆ ಮೇಲೆ ಆಕೆ ಏನು ಕೊಟ್ಟರೂ "ಬೇಡಪ್ಪಾ, ಹಸಿವಿಲ್ಲ" ಎಂದರು. ಮೂರನೆಯ ದಿನ ಸಂಜೆ ಕಾರವಾರದ ಕಡಲತೀರ. ರಜೆಯ ಜನಜಾತ್ರೆ. ಗಾಡಿಯನ್ನು ಬಹಳ ದೂರ ನಿಲ್ಲಿಸಿ ನಡೆದು ಬಂದಿದ್ದೆವು. ಮಕ್ಕಳು ನೀರಿಗಿಳಿದರು. ಅವ್ವ ಮರಳ ಮೇಲೆ ಕೂತವರು ಸ್ವಲ್ಪ ಹೊತ್ತಿಗೆ ಮೊಮ್ಮಗಳನ್ನು ತಮ್ಮ ತಂಗಿಯ ಹೆಸರಿನಿಂದ ಕರೆಯತೊಡಗಿದರು. ಹಣೆಯೆಲ್ಲ ಬೆವರು, ಕೈ ನಡುಕ. ದಣಿದಿದ್ದಾರೆ ಎಂದುಕೊಂಡೆ. ಹೌದು, ಇಪ್ಪತ್ತು ವರ್ಷಗಳಿಂದ ದಿನಕ್ಕೆ ಎಂಬತ್ತು ರೋಗಿಗಳನ್ನು ನೋಡುವ ನಾನು, ಐದು ನಿಮಿಷ ಹಾಗೆಯೇ ಅಂದುಕೊಂಡೆ. ಆಮೇಲೆ ಎದೆ ಧಸಕ್ಕೆಂದಿತು. ಅವ್ವ ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಮಾತ್ರೆ ನುಂಗಿದ್ದರು, ಊಟ ಮಾಡಿರಲಿಲ್ಲ. ಸಕ್ಕರೆ ಅಳೆಯುವ ಯಂತ್ರ ಎಲ್ಲಿ? ದೂರದಲ್ಲಿ ನಿಲ್ಲಿಸಿದ್ದ ಗಾಡಿಯ ಸೂಟ್‌ಕೇಸಿನಲ್ಲಿ, ಬಟ್ಟೆಗಳ ಅಡಿಯಲ್ಲಿ!

ಪಕ್ಕದ ಚುರುಮುರಿ ಗಾಡಿಯವನು ಚಹಾ ಅಂಗಡಿಯಿಂದ ಸಕ್ಕರೆ ತಂದುಕೊಟ್ಟ. ಅರ್ಧ ಲೋಟ ನೀರಿಗೆ ಮೂರು ಚಮಚ ಹಾಕಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಅವ್ವ ಸರಿಯಾಗಿ ಮಾತನಾಡಿದರು. ಅನಂತರ ಅಳೆದಾಗಲೂ ಸಕ್ಕರೆ ಅರವತ್ತೆಂಟೇ ಇತ್ತು. ಮೊದಲು ಎಷ್ಟಿತ್ತೋ ದೇವರೇ ಬಲ್ಲ.

ರಾತ್ರಿ ವಸತಿಗೃಹದಲ್ಲಿ ಪಕ್ಕದಲ್ಲಿ ಕೂತು ಕೇಳಿದೆ: "ಯಾಕವ್ವಾ ಊಟ ಬಿಟ್ಟೆ? ಒಂದು ಮಾತು ಹೇಳಬಾರದಾ?" ಆಕೆ ಗೋಡೆಯ ಕಡೆ ತಿರುಗಿ ಹೇಳಿದ್ದು ಇಷ್ಟೇ: "ಉಂಡ್ರೆ ನೀರು ಕುಡೀಬೇಕು, ನೀರು ಕುಡಿದ್ರೆ ಗಾಡಿ ನಿಲ್ಸು ಅನ್ಬೇಕು. ಎಷ್ಟು ಸಲ ಅನ್ಲಪ್ಪಾ? ನೀನೋ ಹೊತ್ತಾಯ್ತು ಹೊತ್ತಾಯ್ತು ಅಂತಿದ್ದೆ."

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ನನ್ನ ಪಟ್ಟಿಯಲ್ಲಿ ಏಳು ಊರುಗಳಿದ್ದವು. ಅವ್ವನ ಊಟ, ನೀರು, ಶೌಚದ ಹೊತ್ತು ಇರಲಿಲ್ಲ.

ನಾನು ಹೇಳಬೇಕೆಂದಿರುವ ಅಭಿಪ್ರಾಯ ಸರಳ. ಕುಟುಂಬದ ಪ್ರವಾಸದ ಕಾಲವನ್ನೂ ವೇಗವನ್ನೂ ನಿರ್ಧರಿಸಬೇಕಾದದ್ದು ಶಾಲೆಯ ರಜೆಯಲ್ಲ, ನೋಡಬೇಕಾದ ಊರುಗಳ ಪಟ್ಟಿಯೂ ಅಲ್ಲ. ಮನೆಯಲ್ಲಿ ಎಲ್ಲರಿಗಿಂತ ದುರ್ಬಲವಾದ ದೇಹ ಯಾರದೋ ಅವರದೇ ತೀರ್ಮಾನ. ಅದು ಅಜ್ಜಿಯಾಗಿರಬಹುದು, ಆರು ತಿಂಗಳ ಕೂಸಾಗಿರಬಹುದು, ಬಸುರಿ ಸೊಸೆಯಾಗಿರಬಹುದು. ಹಾಗೆ ನೋಡಿದರೆ ಕಡಲಿಗೆ ಹೋಗಲು ಜನಜಂಗುಳಿಯ ಕಾಲಕ್ಕಿಂತ, ಮಳೆಗೂ ಜಂಗುಳಿಗೂ ನಡುವೆ ಅಥವಾ ಜಂಗುಳಿಗೂ ಬೇಸಿಗೆಗೂ ನಡುವೆ ಬರುವ ಸಂಧಿಕಾಲವೇ ಲೇಸು. ಆದರೆ ಸಂಧಿಕಾಲವೆಂದರೆ ಅಪಾಯವಿಲ್ಲದ ಕಾಲ ಎಂದು ಯಾರೂ ತಿಳಿಯಬಾರದು.

ಯಾವಾಗ ಹೋಗಬೇಕು?

ಕಾರವಾರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕಾಳಿ ನದಿ ಬಂದು ಸೇರುವ ಕೊಲ್ಲಿ, ಎದುರಿಗೆ ಕೂರ್ಮಗಡವೇ ಮೊದಲಾದ ನಡುಗಡ್ಡೆಗಳು, ಆಚೆ ದಡದಲ್ಲಿ ಸದಾಶಿವಗಡ, ಬೆನ್ನಿಗೆ ಸಹ್ಯಾದ್ರಿ. ಬೆಟ್ಟ, ಹೊಳೆ, ಕಡಲು ಒಂದೇ ನೋಟಕ್ಕೆ ಸಿಗುವ ಇಂಥ ಜಾಗ ನಮ್ಮ ರಾಜ್ಯದಲ್ಲಿ ಅಪರೂಪ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಕುಟುಂಬ ಪ್ರವಾಸಕ್ಕೆ ತಕ್ಕದ್ದಲ್ಲ. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಬದುಕೇ ಕಡಲಾಗಿರುವ ಮೀನುಗಾರರ ದೋಣಿಗಳು ದಡದಲ್ಲಿರುವಾಗ ಬಯಲುಸೀಮೆಯ ನಮಗೆ ನೀರಿನಲ್ಲೇನು ಕೆಲಸ? ರಸ್ತೆಯ ಕಥೆಯೂ ಹಾಗೆಯೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಯಾರೂ ಮರೆತಿರಲಾರರು.

ಡಿಸೆಂಬರ್ ಕೊನೆಯಿಂದ ಹೊಸವರ್ಷದವರೆಗೆ ಹವೆ ಹಿತ, ಆದರೆ ಜನವೋ ಜನ. ಕೋಣೆ ಸಿಗದು, ಊಟ ತಡ, ಶೌಚಾಲಯಕ್ಕೆ ಸಾಲು, ಗಾಡಿ ದೂರ. ವಯಸ್ಸಾದವರಿಗೆ ನಿಜವಾದ ಕಷ್ಟ ಚಳಿ-ಸೆಕೆಗಿಂತ ಈ ಕಾಯುವಿಕೆಯದು.

ಉಳಿಯುವುದು ಎರಡು ಕಿಟಕಿಗಳು. ಒಂದು, ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ. ಇನ್ನೊಂದು, ಜನವರಿಯ ಎರಡನೆಯ ವಾರದಿಂದ ಫೆಬ್ರವರಿ ನಡುವಿನವರೆಗೆ. ಮೊದಲನೆಯದರಲ್ಲಿ ಗುಡ್ಡಗಳು ಹಸಿರಾಗಿರುತ್ತವೆ, ಹೊಳೆ ತುಂಬಿರುತ್ತದೆ, ದಸರಾ ರಜೆಯೂ ಹೊಂದಬಹುದು. ಎರಡನೆಯದರಲ್ಲಿ ಗಾಳಿ ಒಣಗಿರುತ್ತದೆ, ಸಾಮಾನ್ಯವಾಗಿ ಕಡಲೂ ತಣ್ಣಗಿರುತ್ತದೆ. ಆದರೆ ಮಕ್ಕಳಿಗೆ ಶಾಲೆ. ಎರಡು ದಿನ ಶಾಲೆ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬುದು ನನ್ನ ಸ್ವಂತ ಅಭಿಪ್ರಾಯ, ಮೇಷ್ಟ್ರುಗಳು ಮನ್ನಿಸಬೇಕು.

ಮೊದಲ ಕಿಟಕಿಯ ಎಚ್ಚರಿಕೆಗಳು

ಅಕ್ಟೋಬರ್‌ನಲ್ಲಿ ಮಳೆ ಹೋಯಿತೆಂದು ಕಡಲಿಗೆ ಯಾರೂ ಕಾಗದ ಬರೆದು ತಿಳಿಸಿರುವುದಿಲ್ಲ. 2019ರ ದೀಪಾವಳಿಯ ಸಮಯದಲ್ಲೇ ಅರಬ್ಬೀ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ ಎದ್ದಿತ್ತು. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಎಚ್ಚರಿಕೆ ಇದ್ದರೆ ಮುಂಗಡ ಕೊಟ್ಟ ಹಣ ಹೋದರೂ ಹೋಗಲಿ, ಪ್ರವಾಸ ಮುಂದೂಡಿ.

ಇನ್ನೊಂದು ಮಾತು ನಮ್ಮ ಪಂಚಾಂಗದಲ್ಲೇ ಇದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಕಡಲ ಉಬ್ಬರವೂ ಇಳಿತವೂ ಹೆಚ್ಚು. ದೀಪಾವಳಿ ಬರುವುದೇ ಅಮಾವಾಸ್ಯೆಗೆ. ಎಲ್ಲರಿಗೂ ರಜೆ ಸಿಗುವ ಆ ದಿನಗಳಲ್ಲೇ ನೀರು ಬೇಗ ಏರುತ್ತದೆ, ಬೇಗ ಸೆಳೆಯುತ್ತದೆ. ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ಇಳಿತದ ಸೆಳೆತ ಜೋರು. ಅಲ್ಲಿ ಮೊಣಕಾಲು ನೀರೂ ಬೇಡ.

ಮಳೆ ನಿಂತ ಮೇಲಿನ ವಾರಗಳು ಸೊಳ್ಳೆಗಳ ಕಾಲ, ಇಲಿ ಜ್ವರದ ಕಾಲ. ಇಲಿಯ ಮೂತ್ರ ಸೇರಿದ ನಿಂತ ನೀರು, ಕೆಸರು ಕಾಲಿನ ಗಾಯಕ್ಕೆ ತಾಕಿದರೆ ಆ ರೋಗಾಣು ಒಳಹೊಕ್ಕೀತು. ಬರಿಗಾಲಲ್ಲಿ ರೊಚ್ಚೆ ತುಳಿಯಬೇಡಿ. ಸಕ್ಕರೆ ಕಾಯಿಲೆಯವರಂತೂ ಮರಳಿನ ಮೇಲೂ ಚಪ್ಪಲಿ ಬಿಡಬಾರದು. ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಚಿಪ್ಪು ಕುಯ್ದದ್ದೂ ತಿಳಿಯುವುದಿಲ್ಲ, ಕಾದ ಮರಳು ಸುಟ್ಟದ್ದೂ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ದೀಪದ ಬೆಳಕಿನಲ್ಲಿ ಯಾರಾದರೂ ಒಮ್ಮೆ ನೋಡಲಿ.

ಎರಡನೆಯ ಕಿಟಕಿಯ ಎಚ್ಚರಿಕೆಗಳು

ಫೆಬ್ರವರಿ ಎಂದರೆ ನಮಗೆ ಚಳಿ ಬಿಡುವ ಕಾಲ. ಕರಾವಳಿಯಲ್ಲಿ ಅದು ಬಿಸಿ ಏರುವ ಕಾಲ. 2025ರ ಫೆಬ್ರವರಿ ಕೊನೆಯಲ್ಲೇ ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಬಯಲಿನಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲಷ್ಟೇ ಬಿಸಿಗಾಳಿಯ ಮಾತು ಬಂದರೆ, ಕರಾವಳಿಯಲ್ಲಿ 37ಕ್ಕೇ ಬರುತ್ತದೆ. ಈ ವ್ಯತ್ಯಾಸ ಏಕೆ? ನಮ್ಮ ದೇಹ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದೆ ಹಾಗೇ ಇಳಿಯುತ್ತದೆ. ಉಪ್ಪು, ನೀರು ಹೋಗುತ್ತವೆ, ಮೈ ಮಾತ್ರ ತಣಿಯುವುದಿಲ್ಲ. ದಾವಣಗೆರೆಯ ಬಿಸಿಲು ಕಂಡವರು "ಇದೇನು ಮಹಾ" ಎಂದು ಮೋಸಹೋಗುವುದು ಇಲ್ಲಿಯೇ.

ಆದ್ದರಿಂದ ಬೆಳಿಗ್ಗೆ ಹತ್ತರ ಒಳಗೆ, ಸಂಜೆ ನಾಲ್ಕರ ಮೇಲೆ ಹೊರಗೆ ತಿರುಗಾಟ. ನಡುವೆ ಊಟ, ನೆರಳು, ನಿದ್ದೆ. ಎಳನೀರು, ಮಜ್ಜಿಗೆ, ಗಂಜಿ ಒಳ್ಳೆಯವು. ಮೂತ್ರಪಿಂಡದ ತೊಂದರೆ ಇರುವವರು ಎಳನೀರನ್ನು ವೈದ್ಯರನ್ನು ಕೇಳದೆ ಕುಡಿಯಬಾರದು. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ವಾಂತಿ-ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕುಡಿಸಿ. ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಸಿಕ್ಕರೆ ಇನ್ನೂ ಒಳ್ಳೆಯದು.

ಕಾಡಿನ ಹಾದಿಯಲ್ಲಿ ನಡೆಯುವ ಆಸೆಯಿದ್ದವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉತ್ತರ ಕನ್ನಡದ ಕಾಡಿನಂಚಿನ ಊರುಗಳಲ್ಲೂ ಕಾಣಿಸಿಕೊಂಡಿದೆ. ಉಣ್ಣೆಯ ಕಡಿತದಿಂದ ಬರುವ ಈ ರೋಗ ನವೆಂಬರ್‌ನಿಂದ ಮೇ ವರೆಗೆ ಹೆಚ್ಚು. ಒಣ ಎಲೆಗಳ ಮೇಲೆ ಕೂರಬೇಡಿ, ತುಂಬು ತೋಳಿನ ಅಂಗಿ ತೊಡಿ, ಬಂದ ಮೇಲೆ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಪ್ರವಾಸ ಮುಗಿದು ಮೂರು-ನಾಲ್ಕು ವಾರಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಮೊದಲ ವಾಕ್ಯವಾಗಿ "ಇಂಥ ಊರಿಗೆ ಹೋಗಿದ್ದೆವು" ಎಂದು ಹೇಳಿ. ನೀವು ಹೇಳದಿದ್ದರೆ ನಮಗೆ ತಿಳಿಯುವುದಿಲ್ಲ.

ನೀರಿನ ಮಾತು

ಸಂಧಿಕಾಲದಲ್ಲಿ ದಡ ಖಾಲಿ ಇರುವುದು ಕಣ್ಣಿಗೆ ಚೆಂದ. ಆದರೆ ಖಾಲಿ ದಡದಲ್ಲಿ ನೋಡುವ ಕಣ್ಣುಗಳೂ ಕಡಿಮೆ ಎಂಬುದು ನೆನಪಿರಲಿ. ಹವೆ ಚೆನ್ನಾಗಿದ್ದ ಮಾತ್ರಕ್ಕೆ ಕಡಲು ಒಳ್ಳೆಯದಾಗುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಇವೆರಡೂ ಮಳೆಗಾಲದಲ್ಲಿ ನಡೆದವಲ್ಲ.

ತೆರೆಗಳು ದಡಕ್ಕೆ ತಂದ ನೀರು ಮರಳಿ ಹೋಗಬೇಕಲ್ಲ? ಅದು ಕೆಲವೆಡೆ ಕಿರಿದಾದ ಕಾಲುವೆಯಂತೆ ಒಳಕ್ಕೆ ಸೆಳೆಯುತ್ತದೆ. ನೋಡುವವರಿಗೆ ಅಲ್ಲಿ ತೆರೆ ಒಡೆಯದೆ ಶಾಂತವಾಗಿ ಕಾಣುತ್ತದೆ. "ಇಲ್ಲಿ ತೆರೆಯಿಲ್ಲ, ಮಕ್ಕಳು ಆಡಲಿ" ಎಂದು ನಾವು ಆರಿಸುವುದು ಅದೇ ಜಾಗವನ್ನು. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಎದುರು ಈಜಲು ಹೋಗಿ ಸೋತು ಮುಳುಗುತ್ತಾರೆ. ಎದುರು ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬಂದು ಆಮೇಲೆ ದಡ ಸೇರಬೇಕು. ಈಜು ಬಾರದವರು ತೇಲುತ್ತ ಕೈಯೆತ್ತಿ ಕೂಗಬೇಕು. ಇದು ಹೇಳಲು ಸುಲಭ. ಅದಕ್ಕೇ ನಮ್ಮ ಬಯಲುಸೀಮೆಯವರಿಗೆ ನನ್ನ ನಿಯಮ: ಜೀವರಕ್ಷಕರು ಇಲ್ಲದ ಕಡೆ ಪಾದ ಒದ್ದೆಯಾದರೆ ಸಾಕು. ಕೆಂಪು ಬಾವುಟ ಇದ್ದರೆ ಅದೂ ಬೇಡ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ದೊಡ್ಡವರೊಬ್ಬರು ಫೋನ್ ಒಳಗಿಟ್ಟು, ಕೈಗೆಟಕುವ ದೂರದಲ್ಲಿ, ಅವರನ್ನೇ ನೋಡುತ್ತ ನಿಂತಿರಬೇಕು. ಕುಡಿದವರು ನೀರಿಗೆ ಇಳಿಯಲೇಬಾರದು. ದೋಣಿ ಹತ್ತುವಾಗ ಜೀವರಕ್ಷಕ ಅಂಗಿ ಮೈಮೇಲಿರಬೇಕು, ಆಸನದ ಕೆಳಗಲ್ಲ. ಜನ ಹೆಚ್ಚಾದರೆ ಇಳಿದುಬಿಡಿ. "ಒಬ್ಬರೇ ತಾನೆ" ಎನ್ನುವವನ ಮಾತು ಕೇಳಬೇಡಿ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬಾರದು. ಹಗ್ಗ, ಸೀರೆ, ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆಯಿರಿ. ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಇವೆಲ್ಲ ಅಮೂಲ್ಯ ನಿಮಿಷಗಳನ್ನು ಕಳೆಯುವ ಕೆಲಸ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಟ್ಟು, ಅನಂತರ ಎದೆಯ ನಡುವೆ ಒತ್ತಲು ಶುರುಮಾಡಬೇಕು. ಮೂವತ್ತು ಒತ್ತು, ಎರಡು ಉಸಿರು, ಹೀಗೆ ಸಹಾಯ ಬರುವವರೆಗೆ. 108ಕ್ಕೆ ಇನ್ನೊಬ್ಬರು ಕರೆ ಮಾಡಲಿ. ಚೇತರಿಸಿಕೊಂಡರೂ ಕೆಮ್ಮು, ಏದುಸಿರು ಇದ್ದವರನ್ನು ಆಸ್ಪತ್ರೆಗೆ ತೋರಿಸಲೇಬೇಕು.

ಅಂಬಲಿ ಮೀನು ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ. ಕಡಲ ನೀರಿನಲ್ಲೇ ತೊಳೆದು, ಅಂಟಿದ್ದನ್ನು ಕಡ್ಡಿಯಿಂದ ತೆಗೆದು, ಮೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿಡಿ. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆ.

ಊಟದ ವಿಚಾರದಲ್ಲೂ ಒಂದು ಮಾತು. ಬಂಗುಡೆಯಂಥ ಮೀನು ಹಿಡಿದ ಮೇಲೆ ಮಂಜುಗಡ್ಡೆಯಿಲ್ಲದೆ ಬಿಸಿಲಿನಲ್ಲಿ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹೆಚ್ಚುತ್ತದೆ. ಎಷ್ಟು ಬೇಯಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ತಿಂದ ಒಂದು ಗಂಟೆಯೊಳಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು, ಎದೆ ಡವಡವ ಶುರುವಾಗುತ್ತದೆ. ಮೀನೇ ಆಗದು ಎಂದು ಜನ ತಿಳಿಯುತ್ತಾರೆ. ಆಗದಿರುವುದು ಕೆಟ್ಟ ಮೀನು. ಜನ ಕಡಿಮೆ ಇರುವ ಕಾಲದಲ್ಲಿ ನಿನ್ನೆಯ ಮೀನು ಉಳಿದಿರುವ ಸಂಭವ ಹೆಚ್ಚು. ಊರಿನವರು ಉಣ್ಣುವ ಖಾನಾವಳಿಯಲ್ಲಿ, ಬಿಸಿಬಿಸಿಯಾಗಿ, ಮಧ್ಯಾಹ್ನದ ಹೊತ್ತು ಉಣ್ಣಿ. ಚಿಪ್ಪುಮೀನು ಚೆನ್ನಾಗಿ ಬೆಂದಿರಬೇಕು.

ಕೈಚೀಲದಲ್ಲಿ ಏನಿರಬೇಕು?

ಮಾತ್ರೆಗಳು ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿ. ಇದು ನಾನು ಸೋತು ಕಲಿತ ಪಾಠ. ನಾಲ್ಕು ದಿನದ ಪ್ರವಾಸಕ್ಕೆ ಏಳು ದಿನದ ಮಾತ್ರೆ. ವೈದ್ಯರ ಚೀಟಿಯ ಒಂದು ನಕಲು. ಸಕ್ಕರೆ ಅಳೆಯುವ ಯಂತ್ರ, ಒಂದು ಪೊಟ್ಟಣ ಗ್ಲೂಕೋಸ್, ನಾಲ್ಕು ಓಆರ್‌ಎಸ್, ಪ್ಯಾರಾಸಿಟಮಾಲ್, ಬ್ಯಾಂಡೇಜು. ಎದೆನೋವಿನವರು ನಾಲಿಗೆಯ ಕೆಳಗಿಡುವ ಮಾತ್ರೆಯನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಇನ್ಸುಲಿನ್ ಇದ್ದವರು ಅದನ್ನು ನಿಲ್ಲಿಸಿದ ಗಾಡಿಯಲ್ಲಿ ಬಿಡಬಾರದು. ಮುಚ್ಚಿದ ಗಾಡಿ ಬಿಸಿಲಿನಲ್ಲಿ ಒಲೆಯಂತಾಗುತ್ತದೆ. ಬಾಯಗಲದ ಥರ್ಮಾಸಿನಲ್ಲಿ ತಣ್ಣನೆಯ ಒದ್ದೆ ಬಟ್ಟೆ ಸುತ್ತಿಡಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಘಟ್ಟದಲ್ಲಿ ವಾಂತಿಯಾಗುವವರು ಹೊರಡುವ ಅರ್ಧ-ಒಂದು ಗಂಟೆ ಮೊದಲು ಮಾತ್ರೆ ತೆಗೆದುಕೊಳ್ಳಬಹುದು. ಆದರೆ ಅದರಿಂದ ಮಂಪರು ಬರುತ್ತದೆ, ಗಾಡಿ ಓಡಿಸುವವರು ನುಂಗಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು. ಮೂತ್ರ ಕಟ್ಟುವ ತೊಂದರೆಯಿರುವ ಅಜ್ಜಂದಿರು, ಕಣ್ಣಿನ ಒತ್ತಡ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಮುಂದಿನ ಆಸನ, ಅರೆಹೊಟ್ಟೆ, ತೆರೆದ ಕಿಟಕಿ, ದೂರದ ನೋಟ, ಇವೂ ಔಷಧಿಗಳೇ.

ಇನ್ನು ಆಸ್ಪತ್ರೆಯ ವಿಷಯ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಆದರೂ ತಲೆಗೆ ಪೆಟ್ಟು, ಹೃದಯಾಘಾತದಂಥ ಸಂದರ್ಭಗಳಲ್ಲಿ ಆ ಜಿಲ್ಲೆಯ ಜನ ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ತಾಸುಗಟ್ಟಲೆ ಓಡಿದ್ದಾರೆ; ದೊಡ್ಡ ಆಸ್ಪತ್ರೆ ಬೇಕೆಂದು ವರ್ಷಗಳ ಕಾಲ ಕೂಗಿದ್ದಾರೆ. ಅವರ ಊರಿನ ಸೊಬಗನ್ನು ನೋಡಲು ಹೋಗುವ ನಾವು ಅವರ ಈ ಕೂಗಿಗೂ ದನಿಗೂಡಿಸುವುದು ನ್ಯಾಯ. ಹೃದಯಕ್ಕೆ ಇತ್ತೀಚೆಗೆ ಚಿಕಿತ್ಸೆಯಾದವರು, ಎಂಟು ತಿಂಗಳು ದಾಟಿದ ಬಸುರಿಯರು ಈ ದೂರವನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಹೊರಡುವ ಮಾತಾಡಬೇಕು.

ಒಂದೇ ಊರು, ಮೂರು ರಾತ್ರಿ

ಅವ್ವನ ಆ ಘಟನೆಯಾದ ಮರುವರ್ಷ ಫೆಬ್ರವರಿ ಎರಡನೆಯ ವಾರದಲ್ಲಿ ಮತ್ತೆ ಹೋದೆವು. ಈ ಸಲ ಕಾರವಾರವೊಂದೇ. ಮೂರು ರಾತ್ರಿ. ದಾರಿಯಲ್ಲಿ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಹೀಗೆ ಎಲ್ಲೆಲ್ಲಿ ನಿಲ್ಲುವುದೆಂದು ಮೊದಲೇ ಬರೆದುಕೊಂಡಿದ್ದೆ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲುತ್ತಿತ್ತು, ಯಾರೂ ಕೇಳಬೇಕಾಗಿರಲಿಲ್ಲ. ಮೊದಲು ಇಳಿಯುತ್ತಿದ್ದವನು ನಾನೇ. ಆಗ ಅವ್ವನಿಗೂ ಇಳಿಯಲು ಸಂಕೋಚವಿರಲಿಲ್ಲ. ಅವರ ನೀರಿನ ಮಾತ್ರೆಯನ್ನು ಅವರ ವೈದ್ಯರನ್ನು ಕೇಳಿ, ಪ್ರಯಾಣದ ದಿನ ಮಾತ್ರ ಊರು ಮುಟ್ಟಿದ ಮೇಲೆ ತೆಗೆದುಕೊಳ್ಳುವಂತೆ ಬದಲಿಸಿದ್ದೆವು. ಹೌದು, ನನ್ನ ಅವ್ವನಿಗೆ ನಾನು ವೈದ್ಯನಲ್ಲ. ಮನೆಯವರಿಗೆ ಮನೆಯವನೇ ವೈದ್ಯನಾಗಬಾರದೆಂಬುದು ಆ ಡಿಸೆಂಬರ್ ಕಲಿಸಿದ ಇನ್ನೊಂದು ಪಾಠ.

ಮಕ್ಕಳು ಮೊದಲ ದಿನ ಬೇಸರಪಟ್ಟುಕೊಂಡರು. "ಅಪ್ಪಾ, ಬರೀ ಇಷ್ಟೇನಾ?" ಎರಡನೆಯ ದಿನ ಏಡಿಗಳ ಬಿಲ ಎಣಿಸುತ್ತ ಕೂತವರು ಏಳಲೇ ಇಲ್ಲ. ಅವ್ವ ಮೀನುಗಾರ ಹೆಂಗಸೊಬ್ಬರ ಜೊತೆ ಮಾತಿಗೆ ಕೂತು, ಬಲೆ ಹೆಣೆಯುವುದರಿಂದ ಹಿಡಿದು ಸೊಸೆಯಂದಿರ ತನಕ ಎಲ್ಲ ವಿಚಾರಿಸಿಕೊಂಡರು.

1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ಮರಳುವಾಗ ಅಳಿವೆಯ ಬಳಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆ ತೀರಕ್ಕೆ ಇಂದು ಅವರದೇ ಹೆಸರಿದೆ. ಒಂದು ಹೊಳೆ, ಒಂದು ರಾತ್ರಿ, ಒಂದು ನಡಿಗೆ. ಜೀವಮಾನವಿಡೀ ನೆನಪಿರಲು ಅಷ್ಟು ಸಾಕಾಯಿತು. ಏಳು ಊರು ಸುತ್ತಿದ ನಮ್ಮ ಡಿಸೆಂಬರ್ ಪ್ರವಾಸದಲ್ಲಿ ಮಕ್ಕಳಿಗೆ ಇಂದು ನೆನಪಿರುವುದು ಅಜ್ಜಿ ನಡುಗಿದ್ದು ಮಾತ್ರ.

ಮೇಷ್ಟ್ರಿಗೆ ಏನು ಹೇಳಿದೆ ಎಂದು ನೀವು ಕೇಳಬಹುದು. ಮಾತ್ರೆ ನಿಲ್ಲಿಸಬೇಡಿ, ಹೊತ್ತು ಬದಲಿಸೋಣ ಎಂದೆ. ಆಮೇಲೆ ಹೊರಗೆ ಕೂತಿದ್ದ ಸೊಸೆಯನ್ನು ಒಳಗೆ ಕರೆದು, ಮೇಷ್ಟ್ರ ಅನುಮತಿ ಕೇಳಿ, ಗಾಡಿ ಎಲ್ಲೆಲ್ಲಿ ನಿಲ್ಲಬೇಕೆಂದು ಮೂವರೂ ಸೇರಿ ಒಂದು ಚೀಟಿಯಲ್ಲಿ ಬರೆದೆವು. ಆಕೆ ಓದಿ ನೋಡಿ, "ಅಯ್ಯೋ ಮಾವಾ, ಇದನ್ನ ಹೇಳೋಕೆ ಏನು ಸಂಕೋಚ? ನನಗೂ ಬೇಕಾಗಿತ್ತು" ಎಂದಳು.

ನಿಮ್ಮ ಮನೆಯಲ್ಲೂ ಹೊರಡುವ ಮುನ್ನ ಆ ಚೀಟಿಯೊಂದನ್ನು ಬರೆಯಿರಿ. ಊರುಗಳ ಪಟ್ಟಿ ಆಮೇಲೆ ಬರೆದರಾಯಿತು.